ಈಜುಕೊಳದ ಬೇಲಿಗೆ ಇನ್ನೊಂದು ಅಡಿ: ಆಕ್ಷೇಪಗಳಿಗೆ ಉತ್ತರ

ನಮ್ಮ ಹಿತ್ತಿಲಿನ ಈಜುಕೊಳಕ್ಕೆ ರಸ್ತೆ ಕಡೆ ನಾಲ್ಕು ಅಡಿಯ ಬದಲು ಐದು ಅಡಿ ಎತ್ತರದ ಬೇಲಿ ಹಾಕಿಕೊಳ್ಳಲು ಟೌನಿನ ಝೋನಿಂಗ್ ಬೋರ್ಡಿಗೆ ವೇರಿಯನ್ಸ್ (ನಿಯಮದಿಂದ ವಿನಾಯಿತಿ) ಅರ್ಜಿ ಕೊಟ್ಟಿದ್ದೇವೆ. ಅದರ ಬಗ್ಗೆ ಕನ್ನಡ ಕೂಟದ ಪತ್ರಿಕೆಯಲ್ಲಿ ಬರೆದ ಮೇಲೆ, ಇದೇ ನ್ಯೂಯಾರ್ಕ್ ರಾಜ್ಯದಲ್ಲಿರುವ ಕನ್ನಡಿಗರಿಂದಲೇ ಖಾರವಾದ ಪತ್ರಗಳು ಬಂದಿವೆ.

"ಇದು ಅಮೆರಿಕದ ಅಕ್ರಮ-ಸಕ್ರಮ" ಎಂದಿದ್ದಾರೆ ಹಿರಿಯರೊಬ್ಬರು. ನನಗೆ ಅತಿ ಹೆಚ್ಚು ನೋವು ತಂದ ಮಾತು ಇದು. ಬೆಂಗಳೂರಿನಲ್ಲಿ ಪಕ್ಕದವರ ಗೋಡೆ ಕಿಟಕಿಗೆ ಬಂದು ತಾಗಿದ್ದನ್ನು ಕಂಡವರ ಸಿಟ್ಟು ನನಗೆ ಅರ್ಥವಾಗುತ್ತದೆ. ಅಲ್ಲಿ ಮೊದಲು ಕಟ್ಟುತ್ತಾರೆ, ಆಮೇಲೆ ದಂಡ ಕಟ್ಟಿ ಸರಿಮಾಡಿಕೊಳ್ಳುತ್ತಾರೆ. ವಾಸದ ಮನೆಗಳಲ್ಲಿ ಶೇ. 50ರವರೆಗಿನ ಉಲ್ಲಂಘನೆಯನ್ನೂ ಮನ್ನಿಸಲು ಹೊರಟಿದ್ದ ಆ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ನಾವಿನ್ನೂ ಬೇಲಿಗೆ ಒಂದು ಗುಂಡಿ ಸಹ ತೋಡಿಲ್ಲ. ಇಲ್ಲಿ ಬೋರ್ಡಿನ ವಿಚಾರಣೆಗೆ ಕನಿಷ್ಠ 5 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಬೇಡ ಎನ್ನುವ ನೆರೆಯವರು ಎದುರಿಗೇ ಹೇಳಬಹುದು. ಬೋರ್ಡು ಐದು ಅಂಶಗಳನ್ನು ತೂಗಿ ನೋಡಬೇಕು: ನೆರೆಹೊರೆಗೆ ಹಾನಿಯಿದೆಯೇ, ಬೇರೆ ದಾರಿಯಿದೆಯೇ, ಕೇಳುತ್ತಿರುವುದು ಅತಿಯಾಯಿತೇ, ಪರಿಸರಕ್ಕೆ ಕೆಡುಕೇ, ತೊಂದರೆ ಅರ್ಜಿದಾರರೇ ತಂದುಕೊಂಡದ್ದೇ. ಒಪ್ಪಿದರೂ ಎಷ್ಟು ಅಗತ್ಯವೋ ಅಷ್ಟೇ ವಿನಾಯಿತಿ. ಇದು ಕಾನೂನಿನ ಹಿಂಬಾಗಿಲಲ್ಲ. 1920ರ ದಶಕದಲ್ಲಿ ಹರ್ಬರ್ಟ್ ಹೂವರ್ ವಾಣಿಜ್ಯ ಸಚಿವರಾಗಿದ್ದಾಗ ಅವರ ಇಲಾಖೆ ರೂಪಿಸಿದ ಮಾದರಿ ಝೋನಿಂಗ್ ಕಾಯ್ದೆಯಲ್ಲೇ ಇಂಥ ಮಂಡಳಿಗೆ ಜಾಗವಿತ್ತು. ಇಡೀ ಊರಿಗೆ ಎಳೆದ ಗೆರೆ ಪ್ರತಿ ನಿವೇಶನಕ್ಕೂ ಹೊಂದುವುದಿಲ್ಲ ಎಂಬುದು ಅದನ್ನು ಬರೆದವರಿಗೂ ಗೊತ್ತಿತ್ತು.

"ಕಾರ್ನರ್ ಸೈಟ್ ಅಂತ ಗೊತ್ತಿದ್ದೇ ಕೊಂಡಿರಲ್ಲ?" ಹೌದು, ಗೊತ್ತಿತ್ತು. ಎರಡು ರಸ್ತೆಗೆ ಮುಖ ಮಾಡಿದ ಸೈಟಿನಲ್ಲಿ ಎರಡೂ ಕಡೆ ಮುಂಭಾಗವೇ ಎಂಬುದು ನಮ್ಮ ಟೌನಿನ ಲೆಕ್ಕ. ಮುಂಭಾಗದ ಬೇಲಿ ನಾಲ್ಕು ಅಡಿ ಮೀರುವಂತಿಲ್ಲ. ಸಾಲಿನ ನಡುವಿನ ಮನೆಯವರು ಹಿತ್ತಿಲಿಗೆ ಆರಡಿ ಬೇಲಿ ಹಾಕಬಹುದು, ನಾವು ಹಾಕುವಂತಿಲ್ಲ. ಕೊಂಡವರೇ ತಂದುಕೊಂಡ ಕಷ್ಟ ಎಂಬುದನ್ನು ಬೋರ್ಡು ಗಣಿಸುತ್ತದೆ, ಆದರೆ ಎತ್ತರ-ಅಳತೆಯ ಇಂಥ ಅರ್ಜಿಯನ್ನು ಅದೊಂದೇ ಕಾರಣಕ್ಕೆ ತಳ್ಳಿಹಾಕಬೇಕಿಲ್ಲ ಎಂದು ರಾಜ್ಯದ ಕಾನೂನೇ ಹೇಳುತ್ತದೆ.

ಚೌಕದಲ್ಲಿ ಕಾರಿನವರಿಗೆ ರಸ್ತೆ ಕಾಣುವುದಿಲ್ಲ ಎಂಬ ಭಯ ಬೇಡ. ಬೇಲಿ ಶುರುವಾಗುವುದು ಮನೆಯ ಹಿಂದಿನ ಮೂಲೆಯಿಂದ.

"ಈಜುಕೊಳದ ನಿಯಮವೇ 48 ಇಂಚು ಸಾಕು ಎನ್ನುವಾಗ ನಿಮಗೇಕೆ ಐದಡಿ?" ಈ ಪ್ರಶ್ನೆಗೆ ನಿಧಾನವಾಗಿ ಉತ್ತರಿಸಬೇಕು. ಅಮೆರಿಕದಲ್ಲಿ 1ರಿಂದ 4 ವರ್ಷದ ಮಕ್ಕಳ ಸಾವಿಗೆ ಮೊದಲ ಕಾರಣ ನೀರಿನಲ್ಲಿ ಮುಳುಗುವುದು. 48 ಇಂಚು ಎಂಬುದು ಇದಕ್ಕಿಂತ ಕಡಿಮೆಯಾಗಬಾರದು ಎನ್ನುವ ಗಡಿ. ಕೇಂದ್ರ ಸರ್ಕಾರದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವೇ ಐದಡಿ ಅಥವಾ ಹೆಚ್ಚಿನ ಬೇಲಿ ಮೇಲು ಎನ್ನುತ್ತದೆ. ನಮ್ಮ ಹಿತ್ತಿಲಿನ ಪಕ್ಕದಲ್ಲೇ ಕಾಲುದಾರಿ, ಅದರಲ್ಲಿ ದಿನಾ ಶಾಲೆಯ ಮಕ್ಕಳ ಓಡಾಟ. ಎದೆಮಟ್ಟದ ಬೇಲಿಯನ್ನು ಎಂಟು ವರ್ಷದ ಹುಡುಗ ಒಂದು ಜಿಗಿತಕ್ಕೆ ಹಿಡಿದು ಹತ್ತುತ್ತಾನೆ, ತಮ್ಮನನ್ನೂ ಎತ್ತಿ ದಾಟಿಸುತ್ತಾನೆ. 2006ರ ಡಿಸೆಂಬರ್ 14ರ ನಂತರ ಕಟ್ಟಿದ ಕೊಳಗಳಿಗೆ ಈ ರಾಜ್ಯದಲ್ಲಿ ಅಲಾರಂ ಕಡ್ಡಾಯವಲ್ಲವೇ ಎಂದು ಕೇಳಿದವರಿದ್ದಾರೆ. ಅಲಾರಂ ಹೊಡೆದುಕೊಳ್ಳುವುದು ಮಗು ನೀರಿಗೆ ಬಿದ್ದ ಮೇಲೆ. ಬೇಲಿ ಕೆಲಸ ಮಾಡುವುದು ಅದಕ್ಕೂ ಮೊದಲು.

ಮಕ್ಕಳ ವೈದ್ಯೆಯೊಬ್ಬರು ಬರೆದ ಮಾತಿಗೆ ಮಾತ್ರ ನಾನು ತಲೆಬಾಗುತ್ತೇನೆ. ಅಪಾಯ ರಸ್ತೆಯಿಂದಷ್ಟೇ ಅಲ್ಲ, ಮನೆಯ ಹಿಂಬಾಗಿಲಿನಿಂದಲೂ ಬರುತ್ತದೆ ಎಂದಿದ್ದಾರೆ. ನಿಜ. ಗಡಿಯಲ್ಲಿ ಮೂರು ಕಡೆ ಬೇಲಿ ಹಾಕಿ ಮನೆಯನ್ನೇ ನಾಲ್ಕನೆಯ ಗೋಡೆ ಮಾಡಿಕೊಳ್ಳುವುದಕ್ಕಿಂತ, ಕೊಳವನ್ನು ನಾಲ್ಕೂ ಕಡೆ ಸುತ್ತುವ ಬೇಲಿ ಮಗು ಮುಳುಗುವ ಸಂಭವವನ್ನು ಶೇ. 83ರಷ್ಟು ತಗ್ಗಿಸುತ್ತದೆ ಎನ್ನುತ್ತದೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ. ಮನೆಗೂ ಕೊಳಕ್ಕೂ ನಡುವೆ ತಾನೇ ಮುಚ್ಚಿಕೊಂಡು ಚಿಲಕ ಬೀಳುವ ಗೇಟಿನೊಂದಿಗೆ ನಾಲ್ಕನೆಯ ಬದಿಯೂ ನಮ್ಮ ನಕ್ಷೆಯಲ್ಲಿದೆ. ಅದಕ್ಕೆ ಯಾರ ವಿನಾಯಿತಿಯೂ ಬೇಕಿಲ್ಲ.

"ನಿಮಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ." ಕೇಳಲಿ. ಒಂದೇ ತೆರನ ಎರಡು ಅರ್ಜಿಗೆ ಬೇರೆ ಬೇರೆ ತೀರ್ಪು ಕೊಡುವ ಬೋರ್ಡು ಕಾರಣ ಹೇಳಲೇಬೇಕೆಂದು ಈ ರಾಜ್ಯದ ಅತ್ಯುನ್ನತ ನ್ಯಾಯಾಲಯ 1986ರಲ್ಲೇ ಹೇಳಿದೆ. ನಮ್ಮಂಥದೇ ಕಾರ್ನರ್ ಸೈಟಿನಲ್ಲಿ ಕೊಳವಿರುವ ಮನೆಗೂ ಈ ಒಂದಡಿ ಸಿಗಬೇಕು ಎಂದೇ ನನ್ನ ವಾದ.

ಇಷ್ಟಾಗಿಯೂ ಒಪ್ಪದವರಲ್ಲಿ ನಮ್ಮ ಟೌನಿನವರೇ ಇದ್ದರೆ ದಯವಿಟ್ಟು ವಿಚಾರಣೆಗೆ ಬನ್ನಿ, ನಕ್ಷೆ ನೋಡಿ, ನಿಮ್ಮ ಆಕ್ಷೇಪವನ್ನು ಬೋರ್ಡಿನ ಮುಂದೆಯೇ ಹೇಳಿ. ವಿಚಾರಣೆ ಮುಗಿದ 62 ದಿನಗಳೊಳಗೆ ಅವರು ತೀರ್ಮಾನಿಸಬೇಕು.