ಹೊಗೆಗೆ ವರ್ಷಕ್ಕೊಮ್ಮೆ ಪರೀಕ್ಷೆ, ಬ್ರೇಕ್ ಆಯಿಲ್‌ಗೆ ಯಾವಾಗ?

ಬಶೀರಾಬಾದ್: 2025ರ ನವೆಂಬರ್ 3ರಂದು ಸೋಮವಾರ ಬೆಳಿಗ್ಗೆ ತಾಂಡೂರಿನಿಂದ ಹೈದರಾಬಾದಿಗೆ ಹೊರಟಿದ್ದ ಸರ್ಕಾರಿ ಬಸ್ಸಿಗೆ ಚೇವೆಳ್ಳ ಸಮೀಪದ ಮಿರ್ಜಾಗೂಡದ ಬಳಿ ಕಂಕರ್ ತುಂಬಿದ್ದ ಟಿಪ್ಪರ್ ಡಿಕ್ಕಿ ಹೊಡೆದು 19 ಜನ ಪ್ರಾಣ ಕಳೆದುಕೊಂಡರು. ತಾಂಡೂರು ಭಾಗದ ಹಲವು ಮನೆಗಳಲ್ಲಿ ಅಂದು ಒಲೆ ಹೊತ್ತಲಿಲ್ಲ. ಆ ದಿನದಿಂದ ಈ ಕಡೆ ರಸ್ತೆಯ ಮಾತು ನಿಂತಿಲ್ಲ. ರಸ್ತೆ ಇಕ್ಕಟ್ಟು, ಗುಂಡಿಗಳು, ಆಲದ ಮರಗಳ ಕಾರಣ ವರ್ಷಗಟ್ಟಲೆ ನೆನೆಗುದಿಗೆ ಬಿದ್ದ ಅಗಲೀಕರಣ, ಟಿಪ್ಪರುಗಳ ವೇಗ ಮತ್ತು ಭಾರ, ಎಲ್ಲವೂ ಚರ್ಚೆಗೆ ಬಂದಿವೆ. ಬರಬೇಕಾದದ್ದೇ.

ಆ ದುರಂತವನ್ನು ಬ್ರೇಕಿನ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಈ ಚರ್ಚೆಯಲ್ಲಿ ಒಂದು ವಿಷಯ ಮಾತ್ರ ಯಾರ ಬಾಯಲ್ಲೂ ಬಂದಿಲ್ಲ. ರಸ್ತೆ ಅಗಲ ಮಾಡುವುದು ಸರ್ಕಾರದ ಕೈಯಲ್ಲಿದೆ. ಎದುರಿನಿಂದ ಬರುವವನ ವೇಗ ಅವನ ಕೈಯಲ್ಲಿದೆ. ಆದರೆ ನಮ್ಮ ಗಾಡಿ ಬೇಕಾದಾಗ ನಿಲ್ಲುತ್ತದೆಯೇ ಎಂಬುದು ನಮ್ಮ ಕೈಯಲ್ಲೇ ಇದೆ. ಅದಕ್ಕೆ ಬೇಕಾದ ಅತಿ ಅಗ್ಗದ ವಸ್ತು ಬ್ರೇಕ್ ಆಯಿಲ್. ಅತಿ ಹೆಚ್ಚು ಮರೆತುಹೋಗುವ ವಸ್ತುವೂ ಅದೇ.

ಹೆಸರೇ ದಾರಿ ತಪ್ಪಿಸುತ್ತದೆ

ಕನ್ನಡದಲ್ಲಿ ಬ್ರೇಕ್ ಆಯಿಲ್, ತೆಲುಗಿನಲ್ಲೂ ಬ್ರೇಕ್ ಆಯಿಲ್, ದಖನಿಯಲ್ಲೂ ಅದೇ. ಗಡಿಯ ಮೂರೂ ಭಾಷೆಗಳು ಒಪ್ಪಿಕೊಂಡ ಈ ಹೆಸರು ನಿಜಕ್ಕೂ ತಪ್ಪು. ಅದು ಎಣ್ಣೆಯಲ್ಲ, ಗ್ಲೈಕಾಲ್ ಎಂಬ ರಾಸಾಯನಿಕದ ಬಳಗಕ್ಕೆ ಸೇರಿದ ದ್ರವ. ಎಣ್ಣೆ ನೀರನ್ನು ದೂರ ತಳ್ಳುತ್ತದೆ, ಇದು ನೀರನ್ನು ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ಡಬ್ಬಿಯ ಉಪ್ಪು ಒದ್ದೆಯಾಗುವ ಹಾಗೆ, ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಡಬ್ಬಿಯ ಮುಚ್ಚಳದ ಗಾಳಿಕಿಂಡಿಯಿಂದ ಮತ್ತು ರಬ್ಬರ್ ಪೈಪುಗಳ ಮೂಲಕ ತೇವ ನಿಧಾನವಾಗಿ ಒಳಗಿಳಿಯುತ್ತದೆ. ಇದಕ್ಕೆ ಗಾಡಿ ಓಡಲೇಬೇಕೆಂದೇನೂ ಇಲ್ಲ. ಅಂಗಳದಲ್ಲಿ ನಿಂತ ಕಾರಿನಲ್ಲೂ ಇದು ನಡೆಯುತ್ತದೆ.

ಹೆಸರಿನಿಂದಾಗುವ ಇನ್ನೊಂದು ಅನಾಹುತವಿದೆ. ಆಯಿಲ್ ಕಡಿಮೆಯಾಗಿದೆ ಎಂದು ಯಾರಾದರೂ ಎಂಜಿನ್ ಆಯಿಲನ್ನೇ ಆ ಡಬ್ಬಿಗೆ ಸುರಿದರೆ ಒಳಗಿನ ರಬ್ಬರ್ ವಾಷರುಗಳು ಊದಿಕೊಂಡು ಕೆಡುತ್ತವೆ. ಆಮೇಲೆ ಮಾಸ್ಟರ್ ಸಿಲಿಂಡರಿನಿಂದ ಚಕ್ರದವರೆಗೆ ರಬ್ಬರ್ ಭಾಗಗಳನ್ನೆಲ್ಲ ಬದಲಿಸದೆ ಗತ್ಯಂತರವಿಲ್ಲ.

ನೀರು ಸೇರಿದರೆ ಏನಾಗುತ್ತದೆ?

ಪೆಡಲ್ ಒತ್ತಿದ ಬಲ ಈ ದ್ರವದ ಮೂಲಕವೇ ನಾಲ್ಕೂ ಚಕ್ರಗಳಿಗೆ ತಲುಪುತ್ತದೆ. ದ್ರವವನ್ನು ಎಷ್ಟು ಒತ್ತಿದರೂ ಅದು ಕುಗ್ಗುವುದಿಲ್ಲ. ಹಬೆ ಮಾತ್ರ ಕುಗ್ಗುತ್ತದೆ. ಬ್ರೇಕಿನ ಇಡೀ ಗುಟ್ಟು ಇಷ್ಟೇ.

ಉದ್ದದ ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಹೋದರೆ ಡಿಸ್ಕ್ ನೂರಾರು ಡಿಗ್ರಿ ಕಾಯುತ್ತದೆ. ಆ ಕಾವು ಪಕ್ಕದಲ್ಲೇ ಇರುವ ದ್ರವಕ್ಕೂ ದಾಟುತ್ತದೆ. ಅದಕ್ಕೇ ಈ ದ್ರವ ಎಷ್ಟು ಕಾವಿಗೆ ಕುದಿಯಬಹುದು ಎಂಬುದಕ್ಕೆ ಅಂತರರಾಷ್ಟ್ರೀಯ ಮಟ್ಟದ ಅಳತೆಗಳಿವೆ. ಭಾರತದಲ್ಲಿ ಐಎಸ್ 8654 ಎಂಬ ಮಾನದಂಡವಿದೆ. ಬಾಟಲಿಯ ಮೇಲೆ ಕಾಣುವ ಡಾಟ್ 3, ಡಾಟ್ 4 ಎಂಬ ಗುರುತುಗಳು ಅಮೆರಿಕದ ಮಾನದಂಡದವು. ಅದರ ಪ್ರಕಾರ ಡಾಟ್ 3 ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರು ಸೇರಿದ ಮೇಲೆ ಈ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇದೇ ಲೆಕ್ಕ 230 ಮತ್ತು 155. ಡಾಟ್ 5.1ಕ್ಕೆ 260 ಮತ್ತು 180. ಇಲ್ಲಿ ನೀರು ಸೇರಿದೆ ಎಂದರೆ ಸುಮಾರು ಶೇ. 3.7ರಷ್ಟು ಮಾತ್ರ. ನೂರು ಚಮಚ ದ್ರವಕ್ಕೆ ನಾಲ್ಕು ಚಮಚಕ್ಕಿಂತ ಕಡಿಮೆ ನೀರು 75 ಡಿಗ್ರಿಯಷ್ಟು ಕಸುವನ್ನು ತಿಂದುಬಿಡುತ್ತದೆ.

ದ್ರವ ಕುದಿದರೆ ಪೈಪಿನೊಳಗೆ ಹಬೆಯ ಗುಳ್ಳೆಗಳಾಗುತ್ತವೆ. ಚಾಲಕ ಪೆಡಲ್ ಒತ್ತುತ್ತಾನೆ, ಗುಳ್ಳೆಗಳು ಕುಗ್ಗುತ್ತವೆ, ಪೆಡಲ್ ನೆಲಕ್ಕೆ ತಾಗುತ್ತದೆ, ಚಕ್ರ ತಿರುಗುತ್ತಲೇ ಇರುತ್ತದೆ.

ಸಾಕ್ಷಿ ಉಳಿಯದ ದೋಷ

ಈ ದೋಷದ ಕೆಟ್ಟ ಗುಣವೆಂದರೆ ಅದು ತನ್ನ ಗುರುತು ಬಿಡುವುದಿಲ್ಲ. ಅರ್ಧ ಗಂಟೆ ಕಳೆದು ಬ್ರೇಕ್ ತಣ್ಣಗಾದರೆ ಹಬೆ ಮತ್ತೆ ದ್ರವವಾಗುತ್ತದೆ, ಪೆಡಲ್ ಮತ್ತೆ ಗಟ್ಟಿಯಾಗುತ್ತದೆ. ಬ್ರೇಕ್ ಹಿಡಿಯಲಿಲ್ಲ ಎಂದು ಚಾಲಕ ಹೇಳುತ್ತಾನೆ. ಮಿಸ್ತ್ರಿ ನೋಡಿದರೆ ಎಲ್ಲ ಸರಿಯಿದೆ. ಅಪಘಾತದ ಮರುದಿನ ಗಾಡಿ ತಪಾಸಣೆಗೆ ಬರುವ ಅಧಿಕಾರಿಗೂ ತಣ್ಣಗಿನ ಬ್ರೇಕೇ ಸಿಗುತ್ತದೆ. ಕೊನೆಗೆ ತಪ್ಪು ಚಾಲಕನದು, ಇಲ್ಲವೇ ಹಣೆಬರಹದ್ದು.

ಊರೊಳಗೆ ಓಡಾಡುವಾಗಲೂ ಇದು ಗೊತ್ತಾಗುವುದಿಲ್ಲ. ಬಶೀರಾಬಾದಿನಿಂದ ತಾಂಡೂರಿಗೆ, ಗಡಿ ದಾಟಿ ಸೇಡಂಗೆ ಹೋಗುವ ಬಯಲು ದಾರಿಯಲ್ಲಿ ಹಳೆಯ ಬ್ರೇಕ್ ಆಯಿಲ್ ಹತ್ತು ವರ್ಷವೂ ದೂರು ಹೇಳದೆ ಕೆಲಸ ಮಾಡಬಹುದು. ಪರೀಕ್ಷೆ ಎದುರಾಗುವುದು ಅನಂತಗಿರಿಯ ಇಳಿಜಾರಿನಲ್ಲಿ, ಶ್ರೀಶೈಲದ ಘಾಟಿನಲ್ಲಿ, ತಿರುಮಲದಿಂದ ಇಳಿಯುವಾಗ. ತಿರುಮಲದಲ್ಲಿ ಕೆಳಗಿಳಿಯುವ ವಾಹನಗಳಿಗೆ ಕನಿಷ್ಠ 40 ನಿಮಿಷದ ಮಿತಿ ಹಾಕಿರುವುದು ಸುಮ್ಮನೆ ಅಲ್ಲ. ಮನೆಮಂದಿಯೆಲ್ಲ ತುಂಬಿಕೊಂಡು, ಬೇಸಿಗೆಯ ಬಿಸಿಲಿನಲ್ಲಿ, ವರ್ಷಕ್ಕೊಮ್ಮೆ ದೇವರಿಗೆ ಹೋಗುವ ಗಾಡಿಗೇ ಈ ಅಪಾಯ ಹೆಚ್ಚು.

ಕಾನೂನಿನ ಕಣ್ಣು ಎಲ್ಲಿದೆ?

ಟ್ಯಾಕ್ಸಿ, ಆಟೋ, ಗೂಡ್ಸ್ ಗಾಡಿಗಳಂಥ ವಾಣಿಜ್ಯ ವಾಹನಗಳಿಗೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಫಿಟ್‌ನೆಸ್ ಪರೀಕ್ಷೆ ಇದೆ. ಸ್ವಂತ ಬಳಕೆಯ ಕಾರಿಗೆ ಮೊದಲ 15 ವರ್ಷ ಅದೂ ಇಲ್ಲ. ನಂತರ ಐದು ವರ್ಷಕ್ಕೊಮ್ಮೆ ನವೀಕರಣ. ಹೊಗೆ ತಪಾಸಣೆಯಾದರೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಆಗಲೇಬೇಕು, ಇಲ್ಲದಿದ್ದರೆ ದಂಡ. ಅಂದರೆ ಒಂದು ಕಾರು ಬಿಡುವ ಹೊಗೆಯನ್ನು 15 ವರ್ಷದಲ್ಲಿ ಹತ್ತಾರು ಸಲ ಅಳೆಯುತ್ತಾರೆ. ಅದರ ಬ್ರೇಕ್ ಆಯಿಲನ್ನು ಒಮ್ಮೆಯೂ ಕೇಳುವವರಿಲ್ಲ.

ಫಿಟ್‌ನೆಸ್ ಪರೀಕ್ಷೆಯಲ್ಲೂ ಯಂತ್ರದ ಮೇಲೆ ಚಕ್ರ ತಿರುಗಿಸಿ ಆ ಹೊತ್ತಿಗೆ ಬ್ರೇಕ್ ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂದು ಅಳೆಯಬಹುದು. ತಣ್ಣಗಿರುವ ಬ್ರೇಕ್, ಆಯಿಲ್ ಎಷ್ಟೇ ಹಳೆಯದಿದ್ದರೂ, ಆ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಆದ್ದರಿಂದ ಸರ್ಟಿಫಿಕೇಟ್ ಇದೆ ಎಂದು ನಿಶ್ಚಿಂತರಾಗುವಂತಿಲ್ಲ.

ಗಡಿಯ ಗಾಡಿಗಳ ಕಥೆ

ಗಡಿಭಾಗದಲ್ಲಿ ಈ ಸಮಸ್ಯೆಗೆ ಇನ್ನೊಂದು ಮುಖವಿದೆ. ಇಲ್ಲಿನ ರಸ್ತೆಯಲ್ಲಿ ಟಿಜಿ 34, ಟಿಎಸ್ 34, ಹಳೆಯ ಎಪಿ 28, ಆ ಕಡೆಯ ಕೆಎ 32 ನಂಬರಿನ ಗಾಡಿಗಳು ಒಟ್ಟಿಗೇ ಓಡುತ್ತವೆ. ಹೈದರಾಬಾದಿನಲ್ಲಿ ಯಾರೋ ಬಳಸಿ ಬಿಟ್ಟ ಕಾರು ಸೆಕೆಂಡ್ ಹ್ಯಾಂಡಾಗಿ ಹಳ್ಳಿಗೆ ಬರುತ್ತದೆ, ಒಂದೆರಡು ಕೈ ಬದಲಾಗುತ್ತದೆ. ಕೊಳ್ಳುವವರು ಆರ್‌ಸಿ ನೋಡುತ್ತಾರೆ, ಇನ್ಶೂರೆನ್ಸ್ ನೋಡುತ್ತಾರೆ, ಟೈರು ನೋಡುತ್ತಾರೆ, ಎಷ್ಟು ಕಿಲೋಮೀಟರ್ ಓಡಿದೆ ಎಂದು ಕೇಳುತ್ತಾರೆ. ಬ್ರೇಕ್ ಆಯಿಲ್ ಬದಲಿಸಿ ಎಷ್ಟು ದಿನವಾಯಿತು ಎಂದು ಕೇಳುವವರು ಅಪರೂಪ. ಉಚಿತ ಸರ್ವಿಸ್ ಮುಗಿದ ಮೇಲೆ ಕಂಪನಿಯ ಪುಸ್ತಕದಲ್ಲಿ ದಾಖಲೆಯೂ ನಿಲ್ಲುತ್ತದೆ.

ಗಾಡಿ ಕಡಿಮೆ ಓಡಿದೆ, ಹಾಗಾಗಿ ಎಲ್ಲವೂ ಚೆನ್ನಾಗಿರುತ್ತದೆ ಎಂಬ ನಂಬಿಕೆಯೇ ಇಲ್ಲಿ ಮೋಸ ಮಾಡುತ್ತದೆ. ಎಂಜಿನ್ ಆಯಿಲಿಗೆ ಕಿಲೋಮೀಟರ್ ಲೆಕ್ಕ ಸರಿ. ಬ್ರೇಕ್ ಆಯಿಲಿಗೆ ಕ್ಯಾಲೆಂಡರೇ ಮುಖ್ಯ. ವರ್ಷಕ್ಕೆ ಮೂರು ಸಾವಿರ ಕಿಲೋಮೀಟರ್ ಮಾತ್ರ ಓಡುವ ಹಳ್ಳಿಯ ಕಾರು ಕಿಲೋಮೀಟರ್ ಲೆಕ್ಕವನ್ನೇ ಕಾಯುತ್ತ ಕುಳಿತರೆ ಅದರ ಬ್ರೇಕ್ ಆಯಿಲಿಗೆ ಸರದಿ ಬರುವುದೇ ಇಲ್ಲ.

ಯಾವ ಗಾಡಿಗಳಿಗೆ ಇದು ಅನ್ವಯ ಎಂಬುದೂ ಸ್ಪಷ್ಟವಾಗಿರಬೇಕು. ಕಾರು, ಜೀಪು, ಪ್ರಯಾಣಿಕರ ಆಟೋ, ತೊಗರಿ ಚೀಲ ಸಾಗಿಸುವ ಸಣ್ಣ ಗೂಡ್ಸ್ ಗಾಡಿ, ಪಿಕಪ್, ಡಿಸ್ಕ್ ಬ್ರೇಕಿನ ಬೈಕ್, ಇವೆಲ್ಲ ಬ್ರೇಕ್ ಆಯಿಲಿನ ಮೇಲೆಯೇ ನಿಂತಿವೆ. ಬೈಕಿನ ಹ್ಯಾಂಡಲ್ ಮೇಲಿರುವ ಪುಟ್ಟ ಡಬ್ಬಿಯಲ್ಲೂ ಇದೇ ದ್ರವ. ತಾಂಡೂರಿನ ಕಲ್ಲು, ಸಿಮೆಂಟ್ ಹೊರುವ ದೊಡ್ಡ ಲಾರಿಗಳು ಮತ್ತು ಆರ್‌ಟಿಸಿ ಬಸ್ಸುಗಳ ಬ್ರೇಕ್ ಗಾಳಿಯ ಒತ್ತಡದ್ದು, ಅವುಗಳ ಲೆಕ್ಕ ಬೇರೆ. ಆದರೆ ಅಲ್ಲಿಯೂ ವೈರಿ ನೀರೇ. ಗಾಳಿ ಟ್ಯಾಂಕಿನಲ್ಲಿ ಸಂಗ್ರಹವಾಗುವ ನೀರನ್ನು ಆಗಾಗ ಹೊರಬಿಡಬೇಕು.

ಯಾವಾಗ ಬದಲಿಸಬೇಕು?

ಎಷ್ಟೇ ಕಡಿಮೆ ಓಡಿದ್ದರೂ ಎರಡು ವರ್ಷಕ್ಕೊಮ್ಮೆ ಎಂಬುದು ಬಹುತೇಕ ಕಾರುಗಳಿಗೆ ಒಪ್ಪುವ ಲೆಕ್ಕ. ಹೆಚ್ಚು ಓಡುವ ಗಾಡಿಗೆ ಕಂಪನಿಯ ಪುಸ್ತಕದಲ್ಲಿ ಹೇಳಿದ ಕಿಲೋಮೀಟರ್ ಮೊದಲು ಬಂದರೆ ಆಗಲೇ ಬದಲಿಸಬೇಕು. ಇದಲ್ಲದೆ ಕೆಲವು ಸಂದರ್ಭಗಳಲ್ಲಿ ಕಾಯುವಂತಿಲ್ಲ:

- ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡಾಗ. ಮಾರಿದವರು ಏನೇ ಹೇಳಲಿ, ಮೊದಲ ವಾರದಲ್ಲೇ ಬದಲಿಸುವುದು ಕ್ಷೇಮ.
- ಪೆಡಲ್ ಮೆತ್ತಗಾದಾಗ, ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕ್ ಹಿಡಿದಾಗ. ಇದು ಸೋರಿಕೆ ಅಥವಾ ಗಾಳಿ ಸೇರಿದ ಲಕ್ಷಣವೂ ಆಗಿರಬಹುದು. ಮೊದಲು ತಪಾಸಣೆ ಆಗಬೇಕು.
- ಕಾಗಿಣಾ ನದಿ ತುಂಬಿದಾಗ ಹಳ್ಳದ ನೀರಿನಲ್ಲಿ ಗಾಡಿ ಮುಳುಗಿದ್ದರೆ.
- ಘಾಟ್ ರಸ್ತೆಗೆ ಹೊರಡುವ ಮುನ್ನ, ಹಿಂದೆ ಬದಲಿಸಿದ ದಿನಾಂಕ ಗೊತ್ತಿಲ್ಲದಿದ್ದರೆ.

ಬಣ್ಣ ನೋಡಿ ತೀರ್ಮಾನಿಸುವುದು ಅರ್ಧ ಸತ್ಯ. ಕಪ್ಪಾಗಿದ್ದರೆ ಹಳೆಯದು ನಿಜ. ಆದರೆ ತಿಳಿಯಾಗಿ ಕಂಡ ಮಾತ್ರಕ್ಕೆ ನೀರಿಲ್ಲವೆಂದು ಹೇಳಲಾಗದು, ಸೇರಿದ ನೀರು ಕಣ್ಣಿಗೆ ಕಾಣುವುದಿಲ್ಲ.

ನೆನಪಿಟ್ಟುಕೊಳ್ಳಲು ನಮ್ಮಲ್ಲೇ ಒಂದು ದಿನವಿದೆ. ದಸರೆಯ ಆಯುಧಪೂಜೆಗೆ ಗಡಿಯ ಎರಡೂ ಕಡೆ ಗಾಡಿ ತೊಳೆದು, ಹೂವು ಏರಿಸಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಾರೆ. ಒಂದು ಬಿಟ್ಟು ಒಂದು ದಸರೆಗೆ ಬ್ರೇಕ್ ಆಯಿಲ್ ಬದಲಿಸುವ ರೂಢಿ ಮಾಡಿಕೊಂಡರೆ ಲೆಕ್ಕ ತಪ್ಪುವುದಿಲ್ಲ. ಮಳೆಗಾಲದ ತೇವ ಮುಗಿದಿರುತ್ತದೆ, ಮುಂದಿನ ಮದುವೆ, ಜಾತ್ರೆ, ಯಾತ್ರೆಗಳ ಬೇಸಿಗೆಗೆ ಗಾಡಿ ಸಿದ್ಧವಾಗಿರುತ್ತದೆ.

ಬದಲಿಸುವುದೆಂದರೆ ತುಂಬಿಸುವುದಲ್ಲ

ಡಬ್ಬಿಯಲ್ಲಿ ಮಟ್ಟ ಇಳಿದಿದೆ ಎಂದು ಮೇಲಿಂದ ಒಂದಿಷ್ಟು ಸುರಿದು ಬದಲಿಸಿದೆವು ಎನ್ನುವುದು ಸಾಮಾನ್ಯ. ಅದು ಬದಲಾವಣೆಯಲ್ಲ. ಕಾಯುವುದು ಚಕ್ರದ ಹತ್ತಿರ, ಹಳೆಯ ದ್ರವ ಉಳಿಯುವುದೂ ಅಲ್ಲೇ. ಒಬ್ಬರು ಪೆಡಲ್ ಒತ್ತುತ್ತ, ಇನ್ನೊಬ್ಬರು ಪ್ರತಿ ಚಕ್ರದ ಬಳಿಯಿರುವ ಪುಟ್ಟ ನಿಪ್ಪಲ್ ತೆರೆದು ಮುಚ್ಚುತ್ತ, ಹಳೆಯದೆಲ್ಲ ಹೊರಬಂದು ಹೊಸದು ತಿಳಿಯಾಗಿ ಬರುವವರೆಗೆ ಹರಿಸಬೇಕು. ನಡುವೆ ಮೇಲಿನ ಡಬ್ಬಿ ಖಾಲಿಯಾದರೆ ಪೈಪಿಗೆ ಗಾಳಿ ಸೇರುತ್ತದೆ. ಮಟ್ಟ ಪದೇ ಪದೇ ಇಳಿಯುತ್ತಿದ್ದರೆ ಬ್ರೇಕ್ ಪ್ಯಾಡ್ ಸವೆದಿದೆ ಅಥವಾ ಎಲ್ಲೋ ಸೋರುತ್ತಿದೆ ಎಂದರ್ಥ.

ಅಂಗಡಿಯಲ್ಲಿ ಕೆಲವನ್ನು ಮಾಲೀಕರೇ ಗಮನಿಸಬೇಕು. ಬಾಟಲಿಯ ಸೀಲು ನಿಮ್ಮ ಎದುರಿಗೇ ಒಡೆಯಲಿ. ಆರು ತಿಂಗಳಿಂದ ಕಪಾಟಿನಲ್ಲಿ ತೆರೆದಿಟ್ಟ ಬಾಟಲಿ ಆಗಲೇ ನೀರು ಕುಡಿದಿರುತ್ತದೆ. ಡಬ್ಬಿಯ ಮುಚ್ಚಳದ ಮೇಲೆ ಬರೆದ ದರ್ಜೆಯನ್ನೇ ಬಳಸಬೇಕು. ಡಾಟ್ 5 ಎಂಬುದು ಸಿಲಿಕೋನ್ ದ್ರವ, ಅದನ್ನು ಇವುಗಳೊಂದಿಗೆ ಬೆರೆಸಕೂಡದು. ಕಲ್ಲಿನ ಪಾಲಿಶ್ ಧೂಳು ಹಾರುವ ತಾಂಡೂರಿನಂಥ ಕಡೆ ಮುಚ್ಚಳ ಒರೆಸಿಯೇ ತೆರೆಯಬೇಕು. ಈ ದ್ರವ ಬಣ್ಣದ ಮೇಲೆ ಬಿದ್ದರೆ ಬಣ್ಣ ಕಿತ್ತುಬರುತ್ತದೆ, ಕೂಡಲೇ ನೀರು ಹಾಕಿ ತೊಳೆಯಬೇಕು.

ಖರ್ಚಿನ ಲೆಕ್ಕವೂ ಸರಳ. ಸಾಮಾನ್ಯ ಕಾರಿಗೆ ಬೇಕಾಗುವುದು ಅರ್ಧದಿಂದ ಒಂದು ಲೀಟರ್. ದ್ರವಕ್ಕೆ ಕೆಲವು ನೂರು ರೂಪಾಯಿ, ಜೊತೆಗೆ ಮಿಸ್ತ್ರಿಯ ಕೂಲಿ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಲ್ಲಿ ಎಬಿಎಸ್ ಕಡ್ಡಾಯವಾಗಿದೆ. ನೀರು ಸೇರಿದ ದ್ರವ ಒಳಗೊಳಗೇ ತುಕ್ಕು ಹಿಡಿಸಿ ಆ ಎಬಿಎಸ್ ಪಂಪನ್ನು ಕೆಡಿಸಿದರೆ ಬಿಲ್ಲು ಸಾವಿರಗಳಲ್ಲಿ ಅಲ್ಲ, ಹತ್ತಾರು ಸಾವಿರಗಳಲ್ಲಿ ಬರುತ್ತದೆ.

ಚಾಲಕನ ಪಾಲು

ಹೊಸ ಬ್ರೇಕ್ ಆಯಿಲ್ ಹಾಕಿದ ಮಾತ್ರಕ್ಕೆ ಹೇಗೆ ಬೇಕಾದರೂ ಓಡಿಸಬಹುದೆಂದಲ್ಲ. ಪೆಟ್ರೋಲ್ ಉಳಿಸಲು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವ, ಎಂಜಿನ್ನನ್ನೇ ಬಂದ್ ಮಾಡುವ ಚಟ ಬಿಡಬೇಕು. ನ್ಯೂಟ್ರಲ್‌ನಲ್ಲಿ ಇಡೀ ಗಾಡಿಯ ಭಾರ ಬ್ರೇಕಿನ ಮೇಲೆಯೇ ಬೀಳುತ್ತದೆ. ಎಂಜಿನ್ ಬಂದಾದರೆ ಪೆಡಲಿಗೆ ಸಿಗುವ ನೆರವೂ ಹೋಗಿ ಪೆಡಲ್ ಕಲ್ಲಾಗುತ್ತದೆ. ಎರಡನೇ ಇಲ್ಲವೇ ಮೂರನೇ ಗೇರಿನಲ್ಲಿ ಇಳಿದರೆ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ, ಬ್ರೇಕಿಗೆ ಉಸಿರಾಡಲು ಬಿಡುವು ಸಿಗುತ್ತದೆ. ಒಂದು ವೇಳೆ ಪೆಡಲ್ ಕೆಳಗೆ ಹೋದರೆ ಬೇಗ ಬೇಗ ಒತ್ತಿ ಬಿಡುತ್ತ, ಒಂದೊಂದೇ ಗೇರು ಇಳಿಸುತ್ತ, ಹ್ಯಾಂಡ್ ಬ್ರೇಕನ್ನು ಒಮ್ಮೆಲೇ ಅಲ್ಲದೆ ನಿಧಾನವಾಗಿ ಎಳೆಯುತ್ತ, ರಸ್ತೆಯ ಬದಿಯ ಏರು ಅಥವಾ ಮೆತ್ತನೆಯ ಮಣ್ಣಿನ ಕಡೆಗೆ ಗಾಡಿಯನ್ನು ತಿರುಗಿಸಬೇಕು.

ರಸ್ತೆ ಅಗಲವಾಗಲಿ ಎಂಬ ಬೇಡಿಕೆ ನ್ಯಾಯವಾದದ್ದು, ಅದನ್ನು ಬಿಡುವಂತಿಲ್ಲ. ಆದರೆ ರಸ್ತೆ ಅಗಲವಾದ ಮೇಲೆ ವೇಗವೂ ಹೆಚ್ಚುತ್ತದೆ ಎಂಬುದನ್ನು ಮರೆಯಬಾರದು. ವೇಗ ಎರಡು ಪಟ್ಟಾದರೆ ನಿಲ್ಲಿಸಲು ಬ್ರೇಕ್ ನುಂಗಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಹೊಸ ರಸ್ತೆಗೆ ಹಳೆಯ ಬ್ರೇಕ್ ಆಯಿಲ್ ಒಗ್ಗುವುದಿಲ್ಲ. ಬಾನೆಟ್ ಎತ್ತಿದ ಕೂಡಲೇ ಕಾಣುವಂತೆ ಒಂದು ಚೀಟಿ ಅಂಟಿಸಿ, ಬ್ರೇಕ್ ಆಯಿಲ್ ಬದಲಿಸಿದ ತಿಂಗಳು, ವರ್ಷ ಬರೆದಿಡಿ. ಕನ್ನಡದಲ್ಲೇ ಬರೆಯಿರಿ, ತೆಲುಗಿನಲ್ಲೇ ಬರೆಯಿರಿ. ನಾಳೆ ಆ ಗಾಡಿಯನ್ನು ಕೊಳ್ಳುವವರಿಗೂ ಆ ಚೀಟಿ ಉಪಕಾರ ಮಾಡೀತು.