ಸ್ವರದ ವಿಕೃತಿಯೂ ಕಿವಿಯ ಪರೀಕ್ಷೆಯೂ

ಸಕಲೇಶಪುರ ಮತ್ತು ಆಲೂರಿನ ಗುಡ್ಡಗಾಡಿನಲ್ಲಿ ಮಳೆಗಾಲವೆಂದರೆ ಮನೆಯೊಳಗೇ ಕಳೆಯುವ ದೀರ್ಘವಾದ ಸಂಜೆಗಳು. ಕಾಫಿತೋಟದ ನಡುವಿನ ಮನೆಗಳಲ್ಲಿ ದೀಪ ಯಾವಾಗ ಆರುವುದೋ ಹೇಳಬರುವುದಿಲ್ಲ. ಇಂತಹ ಒಂದು ಸಂಜೆ ಆಲೂರಿನ ಬಳಿ ಕಾಲೇಜು ವಿದ್ಯಾರ್ಥಿಯೊಬ್ಬನು ತನ್ನ ಗಿಟಾರಿನ ಡಿಸ್ಟಾರ್ಷನ್ ಪೆಡಲನ್ನು ಬಿಚ್ಚಿ ಮೇಜಿನ ಮೇಲೆ ಹರಡಿಕೊಂಡು, ಕರೆಂಟು ಬರುವುದನ್ನೇ ಕಾಯುತ್ತ ಕುಳಿತಿದ್ದುದನ್ನು ನಾವು ಕಂಡೆವು. ಒಳಗಿನ ಎರಡು ಡಯೋಡುಗಳನ್ನು ಬದಲಿಸಿದರೆ ನಾದ ಉತ್ತಮವಾಗುವುದೆಂದು ಯಾರೋ ಹೇಳಿದ್ದರಂತೆ. ಹಣ ಕೊಟ್ಟು ತಂದ ವಸ್ತುವನ್ನು ಮಗ ಕೆಡಿಸುತ್ತಿದ್ದಾನೆಂಬುದು ತಂದೆಯವರ ಕೊರಗು. “ಡಯೋಡಿನ ರೇಖೆಯನ್ನು ಕಾಲೇಜಿನಲ್ಲಿ ಬರೆದಿರುವೆಯಲ್ಲ, ಅದಕ್ಕೂ ಇದಕ್ಕೂ ಏನಪ್ಪಾ ಸಂಬಂಧ?” ಎಂದು ಕೇಳಿದೆವು. “ಅದು ಪರೀಕ್ಷೆಗೆ ಸಾರ್, ಇದು ಬೇರೆ” ಎಂದನು. ಈ ಲೇಖನಕ್ಕೆ ಆ ಉತ್ತರವೇ ಕಾರಣ.

ಅದು ಬೇರೆಯಲ್ಲ ಎಂಬುದನ್ನು ಮೊದಲು ತಿಳಿಯೋಣ. ಸಾಧಾರಣವಾಗಿ ಶ್ರುತಿ ಮಾಡಿದ ಗಿಟಾರಿನ ಐದನೆಯ ತಂತಿ ಸೆಕೆಂಡಿಗೆ 110 ಸಲ ಕಂಪಿಸುತ್ತದೆ. ಈ ಮೂಲಸ್ವರದೊಡನೆ 220, 330, 440 ಕಂಪನಗಳ ಮೇಲ್ಸ್ವರಗಳೂ ಹೊರಡುತ್ತವೆ. ಯಾವ ಮೇಲ್ಸ್ವರ ಎಷ್ಟು ಬಲವಾಗಿದೆ ಎಂಬುದರಿಂದಲೇ ನಾದಕ್ಕೆ ಅದರದೇ ಆದ ಬಣ್ಣ ಬರುತ್ತದೆ. ಪೆಡಲು ಗಿಟಾರಿನಿಂದ ಬಂದ ವಿದ್ಯುತ್ತಿನ ಅಲೆಯನ್ನು ಬಹಳವಾಗಿ ವರ್ಧಿಸಿ, ಅನಂತರ ಡಯೋಡುಗಳ ಮೂಲಕ ಅದರ ನೆತ್ತಿಯನ್ನು ಕತ್ತರಿಸುತ್ತದೆ. ಸಿಲಿಕಾನ್ ಡಯೋಡು ಸುಮಾರು 0.6 ವೋಲ್ಟಿನಲ್ಲಿಯೂ, ಜರ್ಮೇನಿಯಂ ಡಯೋಡು ಸುಮಾರು 0.3 ವೋಲ್ಟಿನಲ್ಲಿಯೂ, ಕೆಂಪು ಎಲ್.ಇ.ಡಿ. ಸುಮಾರು 1.8 ವೋಲ್ಟಿನಲ್ಲಿಯೂ ಪ್ರವಾಹಕ್ಕೆ ದಾರಿ ಬಿಡುತ್ತವೆ. ಅದರಿಂದ ಮೇಲಕ್ಕೆ ಅಲೆ ಏರಲಾರದು. ಶುದ್ಧವಾದ ಒಂದು ಅಲೆಯನ್ನು ಮೇಲೂ ಕೆಳಗೂ ಸಮನಾಗಿ ಕತ್ತರಿಸಿದರೆ 3, 5, 7 ಮಡಿಯ ಮೇಲ್ಸ್ವರಗಳು ಹುಟ್ಟುತ್ತವೆ. ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಕತ್ತರಿಸಿದರೆ 2, 4 ಮಡಿಯವೂ ಸೇರುತ್ತವೆ. ಡಯೋಡಿನ ರೇಖೆ ಥಟ್ಟನೆ ಏರುವುದಾದರೆ ಕತ್ತರಿಸಿದ ಅಂಚು ಚೂಪಾಗಿ ನಾದ ಕರ್ಕಶವಾಗುತ್ತದೆ. ಮೆಲ್ಲನೆ ಬಾಗುವುದಾದರೆ ಅಂಚು ದುಂಡಗಾಗಿ ನಾದ ಮೃದುವಾಗುತ್ತದೆ. ಅಂದರೆ, ಪಿ.ಯು.ಸಿ.ಯ ಪ್ರಯೋಗಶಾಲೆಯಲ್ಲಿ ಅಂಕಗಳಿಗಾಗಿ ಬರೆದ ಆ ರೇಖೆಯನ್ನೇ ಹುಡುಗನು ಮನೆಯಲ್ಲಿ ಕಿವಿಯಿಂದ ಕೇಳುತ್ತಿದ್ದಾನೆ.

ಸ್ವರವನ್ನು ವಿಕೃತಗೊಳಿಸುವುದು ಸಂಗೀತವೇ ಎಂದು ಹಿರಿಯರು ಕೇಳಬಹುದು. ಅಮೆರಿಕದ ನ್ಯಾಶ್‌ವಿಲ್ ನಗರದ ಧ್ವನಿಮುದ್ರಣಶಾಲೆಯೊಂದರಲ್ಲಿ ಯಂತ್ರದ ಒಂದು ಭಾಗ ಕೆಟ್ಟು ವಾದ್ಯದ ಧ್ವನಿ ಒಡೆದು ಕೇಳಿಸಿತು. ಆ ಹಾಡು 1961ರಲ್ಲಿ ಹೊರಬಂದು ಜನಪ್ರಿಯವಾಯಿತು. ತಂತ್ರಜ್ಞ ಗ್ಲೆನ್ ಸ್ನಾಡಿಯವರು ಅದೇ ದೋಷವನ್ನು ಬೇಕೆಂದೇ ಉಂಟುಮಾಡುವ ವಿದ್ಯುನ್ಮಂಡಲವನ್ನು ರೂಪಿಸಿದರು. 1962ರಲ್ಲಿ ಅದು ಫಜ್-ಟೋನ್ ಎಂಬ ಪೆಡಲಾಗಿ ಮಾರುಕಟ್ಟೆಗೆ ಬಂದಿತು.

ಆದರೆ ಇದಕ್ಕಾಗಿ ಅಷ್ಟು ದೂರ ಹೋಗಬೇಕಾಗಿಲ್ಲ. ನಮ್ಮ ತಂಬೂರಿಯನ್ನು ನೋಡಿ. ಕುದುರೆಯ ಬಾಗಿದ ಮೈಮೇಲೆ ತಂತಿಯ ಅಡಿಗೆ ದಾರದ ಎಳೆಯೊಂದನ್ನಿಟ್ಟು, ತಂತಿ ಕುದುರೆಗೆ ಸವರಿಯೂ ಸವರದಂತೆ ಝೇಂಕರಿಸುವವರೆಗೆ ವಾದಕರು ಅದನ್ನು ಸರಿಸುತ್ತಾರೆ. ದಾರವಿಲ್ಲದಿದ್ದರೆ ನಾದ ಸಪ್ಪೆ. ಇದ್ದರೆ ಮೇಲ್ಸ್ವರಗಳ ಸಮೃದ್ಧಿ. ತಂತಿಯನ್ನು ಮೀಟಿದ ಬಿಂದುವಿನಲ್ಲಿ ಯಾವ ಮೇಲ್ಸ್ವರಕ್ಕೆ ಚಲನೆಯಿಲ್ಲವೋ ಆ ಮೇಲ್ಸ್ವರ ಕೇಳಿಸಬಾರದೆಂಬುದು ಹಳೆಯ ನಿಯಮ. ತಂಬೂರಿಯಲ್ಲಿ ಅದೂ ಕೇಳಿಸುವುದೆಂದು ಸಿ.ವಿ. ರಾಮನ್ ಅವರು 1921ರಲ್ಲಿ ಕಲ್ಕತ್ತೆಯಿಂದ ಪ್ರಕಟಿಸಿದ ಲೇಖನದಲ್ಲಿ ತೋರಿಸಿಕೊಟ್ಟರು. 1933ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದ ಆ ಮಹನೀಯರಿಗೆ ತಂಬೂರಿಯ ಝೇಂಕಾರ ವಿಜ್ಞಾನಕ್ಕೆ ತಕ್ಕ ವಿಷಯವಾಗಿತ್ತು. ಪೆಡಲಿನ ಗರ್ಜನೆ ನಮಗೆ ಏಕಾಗಬಾರದು?

ಇಷ್ಟಾದರೂ ಆ ವಿದ್ಯಾರ್ಥಿಯ ಮಾತನ್ನು ನಾವು ಪೂರ್ಣವಾಗಿ ಒಪ್ಪಲಾರೆವು. “ಡಯೋಡು ಬದಲಿಸಿದೆ, ನಾದ ಉತ್ತಮವಾಯಿತು” ಎಂಬುದು ಇನ್ನೂ ವಿಜ್ಞಾನವಲ್ಲ. ಡಯೋಡುಗಳನ್ನು ನೆಲಕ್ಕೆ ಜೋಡಿಸಿರುವ ಪೆಡಲಿನಲ್ಲಿ ಸಿಲಿಕಾನಿನ ಸ್ಥಳಕ್ಕೆ ಎಲ್.ಇ.ಡಿ. ಹಾಕಿದರೆ, ವರ್ಧನೆ ಸಾಕಷ್ಟಿದ್ದಲ್ಲಿ ಹೊರಬರುವ ಅಲೆ ಸುಮಾರು ಮೂರು ಮಡಿ ಎತ್ತರವಾಗುತ್ತದೆ. ಗಟ್ಟಿಯಾದ ಧ್ವನಿಯನ್ನು ಕಿವಿ ಒಳ್ಳೆಯ ಧ್ವನಿಯೆಂದು ಭ್ರಮಿಸುವುದು ಸಹಜ. ಜೊತೆಗೆ, ತಾನೇ ಶ್ರಮಪಟ್ಟು ಬೆಸೆದ ವಸ್ತುವಿನಲ್ಲಿ ಗುಣ ಕಾಣುವ ಆಸೆ ಯಾರಿಗಿಲ್ಲ? ಆದುದರಿಂದ ಒಂದು ಸಲಕ್ಕೆ ಒಂದೇ ಭಾಗವನ್ನು ಬದಲಿಸಬೇಕು. ಚಿಕ್ಕ ಸ್ವಿಚ್ಚೊಂದನ್ನು ಹಾಕಿ ಹಳೆಯದನ್ನೂ ಹೊಸದನ್ನೂ ಉಳಿಸಿಕೊಳ್ಳಬೇಕು. ಎರಡನ್ನೂ ಸಮನಾದ ಗಟ್ಟಿಗೆ ತರಲು ಧ್ವನಿಯ ಗುಂಡಿ ಎಲ್ಲಿರಬೇಕೆಂದು ಮೊದಲೇ ಗುರುತು ಹಾಕಬೇಕು. ಅನಂತರ ಗೆಳೆಯನೊಬ್ಬನು ಮರೆಯಲ್ಲಿ ಕುಳಿತು, ನಾಣ್ಯ ಚಿಮ್ಮಿ ಸ್ವಿಚ್ಚನ್ನೂ ಗುಂಡಿಯನ್ನೂ ಇಡಲಿ. ನೀವು ಯಾವುದು ಯಾವುದೆಂದು ಹೇಳಿ. ಬರಿಯ ಊಹೆಯಿಂದಲೇ ಹತ್ತರಲ್ಲಿ ಎಂಟು ಅಥವಾ ಹೆಚ್ಚು ಸಲ ಸರಿಯಾಗುವ ಸಂಭವ ಸುಮಾರು 18ಕ್ಕೆ ಒಂದು; ಒಂಬತ್ತು ಅಥವಾ ಹೆಚ್ಚು ಸಲ ಸರಿಯಾಗುವುದು ಸುಮಾರು 93ಕ್ಕೆ ಒಂದು. ಒಂಬತ್ತು ಸಲ ಗುರುತಿಸಿದಿರಾದರೆ ವ್ಯತ್ಯಾಸ ನಿಜವೆಂದು ನಂಬಲು ಕಾರಣವುಂಟು. ಅದು ಉತ್ತಮವೇ ಎಂಬುದು ನಿಮ್ಮ ಅಭಿರುಚಿಗೆ ಬಿಟ್ಟ ಮಾತು. ಐದು ಸಲವೇ ಸರಿಯಾದರೆ ನಗುತ್ತ ಒಪ್ಪಿಕೊಳ್ಳಿ. ದುಬಾರಿ ಬಿಡಿಭಾಗಗಳಿಗೆ ಹಾಕಬೇಕಾಗಿದ್ದ ಹಣ ಉಳಿಯಿತು.

ಮಲೆನಾಡಿನ ವಾಚಕರಿಗೆ ಇನ್ನೆರಡು ಮಾತು. ತೇವದಿಂದ ಪೆಡಲಿನ ಜಾಕುಗಳಿಗೆ ಕಿಲುಬು ಹಿಡಿದು ಧ್ವನಿ ಕೆಡುವುದುಂಟು. ಡಯೋಡನ್ನು ದೂರುವ ಮೊದಲು ಜಾಕನ್ನು ಒರಸಿ ನೋಡಿ. ಎರಡನೆಯದು ಎಚ್ಚರಿಕೆ. 9 ವೋಲ್ಟ್ ಬ್ಯಾಟರಿಯ ಪೆಡಲನ್ನು ಧೈರ್ಯವಾಗಿ ಬಿಚ್ಚಬಹುದು. ಗೋಡೆಯ ವಿದ್ಯುತ್ತಿನಿಂದ ನಡೆಯುವ ಆಂಪ್ಲಿಫೈಯರನ್ನು ಮಾತ್ರ ಬಿಚ್ಚಕೂಡದು. ಆರಿಸಿದ ಮೇಲೂ ಅದರ ಕೆಪಾಸಿಟರುಗಳಲ್ಲಿ ಪ್ರಾಣಾಪಾಯದ ವಿದ್ಯುತ್ತು ನಿಂತಿರಬಹುದು.

ನಮ್ಮ ಅಧ್ಯಾಪಕ ಮಿತ್ರರಲ್ಲಿ ಒಂದು ವಿನಂತಿಯುಂಟು. ಡಯೋಡಿನ ರೇಖೆಯನ್ನು ಬರೆಸಿದ ದಿನವೇ, ಅದೇ ಡಯೋಡಿನಿಂದ ಕತ್ತರಿಸಿದ ಅಲೆಯನ್ನು ಆಸಿಲೋಸ್ಕೋಪಿನಲ್ಲಿ ತೋರಿಸಿ, ಧ್ವನಿವರ್ಧಕದಲ್ಲಿ ಕೇಳಿಸಿರಿ. ಇಂತಹ ಡಯೋಡುಗಳು ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯ ಅಂಗಡಿಗಳಲ್ಲಿ ಕೆಲವೇ ರೂಪಾಯಿಗೆ ದೊರೆಯುತ್ತವೆ. ತಿಂಗಳಿಗೊಂದು ಶನಿವಾರ ವಿದ್ಯಾರ್ಥಿಗಳು ತಮ್ಮ ವಸ್ತುಗಳನ್ನು ತಂದು ಅಳೆಯಲು ಪ್ರಯೋಗಶಾಲೆಯ ಬಾಗಿಲನ್ನು ತೆರೆದಿಡಿ. ತಂದೆತಾಯಂದಿರೂ ಬಿಚ್ಚಿದ ಪೆಡಲನ್ನು ಕಂಡು ಕೂಡಲೆ ಗದರಬಾರದು, “ಏನು ಬದಲಾಯಿತು, ಹೇಗೆ ತಿಳಿದೆ?” ಎಂದು ಕೇಳಲಿ. ಆ ಪ್ರಶ್ನೆಗೆ ಉತ್ತರ ಕೊಡಲು ಕಲಿತ ಹುಡುಗನಿಗೆ ಕಾಲೇಜಿನ ಪಾಠವೂ ಮನೆಯ ಹವ್ಯಾಸವೂ ಇನ್ನು ಮುಂದೆ ಬೇರೆ ಬೇರೆಯಾಗಿ ತೋರಲಾರವು.