ಇಯಾಗೊಗೆ ಫ್ಲ್ಯಾಶ್‌ಬ್ಯಾಕ್ ಬೇಡ

ಮುಂಬಡ್ತಿ ಪಟ್ಟಿ ಹೊರಬಿದ್ದ ವಾರದೊಳಗೆ ಮೂಗರ್ಜಿ ಬಂದೇ ಬರುತ್ತಿತ್ತು. ಸರ್ಕಾರಿ ಇಲಾಖೆಯೊಂದರ ಸಿಬ್ಬಂದಿ ಶಾಖೆಯಲ್ಲಿ ಜ್ಯೇಷ್ಠತಾ ಪಟ್ಟಿ ತಿದ್ದುತ್ತಲೇ ನಿವೃತ್ತಳಾದ ನನಗೆ ಅದರ ಧಾಟಿ ಬಾಯಿಪಾಠ. ಮೊದಲ ಪ್ಯಾರಾದಲ್ಲಿ ಬಡ್ತಿಯ ಗೋಳು: ದುಡಿದವರನ್ನು ಬಿಟ್ಟು ನಿನ್ನೆ ಮೊನ್ನೆ ಬಂದವನನ್ನು ಮೇಲೆ ಕೂರಿಸಿದ್ದಾರೆ. ಎರಡನೆಯದರಲ್ಲಿ ದುಡ್ಡು. ಮೂರನೆಯದರಲ್ಲಿ ಹೆಣ್ಣು. ಕೊನೆಗೆ ‘ಇಂತಿ, ನೊಂದ ನೌಕರ’ ಎಂಬ ಒಕ್ಕಣೆ, ಅದರ ಕೆಳಗೆ ಮುಖ್ಯಮಂತ್ರಿಯವರೆಗೂ ಪ್ರತಿಗಳು. ಮೂರನೇ ಪ್ಯಾರಾ ಮುಟ್ಟುವ ಹೊತ್ತಿಗೆ ಬರೆದವನಿಗೇ ಮೊದಲ ಪ್ಯಾರಾ ಮರೆತುಹೋದ ಹಾಗಿರುತ್ತಿತ್ತು.

ಷೇಕ್ಸ್‌ಪಿಯರನ ‘ಒಥೆಲೊ’ ನಾಟಕದ ಇಯಾಗೊ ಅಷ್ಟೊಂದು ಕೇಡನ್ನು ಯಾಕಾಗಿ ಮಾಡಿದ ಎಂದು ದೊಡ್ಡ ದೊಡ್ಡ ವಿಮರ್ಶಕರು ತಲೆ ಕೆಡಿಸಿಕೊಂಡಿದ್ದಾರೆ. ನನಗೆ ಅದು ಅಂಥ ಒಗಟಾಗಿ ಕಂಡಿಲ್ಲ. ಅವನಿಗೆ ಬಡ್ತಿ ಸಿಗಲಿಲ್ಲ. ಅಷ್ಟೇ.

ನಾಟಕ ಶುರುವಾಗುವುದೇ ಆ ದೂರಿನಿಂದ. ಇಯಾಗೊಗೆ 28 ವರ್ಷ. ವೆನಿಸ್ ಸೈನ್ಯದಲ್ಲಿ ಧ್ವಜ ಹಿಡಿಯುವ ಅಧಿಕಾರಿ. ಲೆಫ್ಟಿನೆಂಟ್ ಹುದ್ದೆಗಾಗಿ ಊರಿನ ಮೂವರು ದೊಡ್ಡ ಮನುಷ್ಯರಿಂದ ಶಿಫಾರಸು ಮಾಡಿಸಿದ್ದಾನೆ. ಆದರೆ ಸೇನಾಪತಿ ಒಥೆಲೊ ಆ ಹುದ್ದೆಯನ್ನು ಫ್ಲಾರೆನ್ಸ್‌ನ ಕ್ಯಾಸಿಯೊಗೆ ಕೊಟ್ಟ. ಯುದ್ಧವನ್ನು ಪುಸ್ತಕದಲ್ಲಿ ಮಾತ್ರ ಕಂಡವನು, ಲೆಕ್ಕ ಬರೆಯುವವನು ಎಂದು ಇಯಾಗೊ ಅವನನ್ನು ಹಳಿಯುತ್ತಾನೆ. ಇದು ಮೊದಲ ಪ್ಯಾರಾ. ಸ್ವಲ್ಪ ಹೊತ್ತಿಗೆ ಎರಡನೆಯದು: ನನ್ನ ಹೆಂಡತಿಗೂ ಒಥೆಲೊಗೂ ಸಂಬಂಧವಿದೆಯೆಂದು ಊರು ಆಡಿಕೊಳ್ಳುತ್ತಿದೆ, ನಿಜವೋ ಸುಳ್ಳೋ ಗೊತ್ತಿಲ್ಲ, ನಿಜವೆಂದೇ ಇಟ್ಟುಕೊಂಡು ಮುಂದುವರಿಯುತ್ತೇನೆ. ಆಮೇಲೆ ತನಗೂ ಒಥೆಲೊನ ಹೆಂಡತಿ ಡೆಸ್ಡಿಮೋನಾಳ ಮೇಲೆ ಮನಸ್ಸಿದೆ ಎನ್ನುತ್ತಾನೆ. ತನ್ನ ಹೆಂಡತಿಯ ವಿಷಯದಲ್ಲಿ ಕ್ಯಾಸಿಯೊ ಮೇಲೂ ಅನುಮಾನವಿದೆ ಎನ್ನುತ್ತಾನೆ. ಕೊನೆಯ ಅಂಕದಲ್ಲಿ, ಕ್ಯಾಸಿಯೊನ ಬದುಕಿನ ಚೆಲುವಿನ ಎದುರು ತಾನು ಕುರೂಪಿಯಾಗಿ ಕಾಣುತ್ತೇನೆ ಎಂಬಲ್ಲಿಗೆ ಬಂದು ನಿಲ್ಲುತ್ತಾನೆ.

ಹೀಗೆ ಕಾರಣಗಳನ್ನು ಪೇರಿಸುವುದನ್ನು ಕಂಡೇ ಕವಿ ಕೋಲರಿಜ್, ಇವನದು ಕಾರಣವಿಲ್ಲದ ಕೇಡು, ಕಾರಣಗಳನ್ನು ಬರಿದೇ ಹುಡುಕುತ್ತಿದ್ದಾನೆ ಎಂದ. ಅರ್ಧ ಸರಿ. ಮಿಕ್ಕವು ಹುಡುಕಿಕೊಂಡವೇ, ಆದರೆ ಮೊದಲನೆಯದು ನಿಜ. ಒಂದು ಹುದ್ದೆಗಾಗಿ ಒಬ್ಬರ ಮನೆ ಮುರಿಯುತ್ತೇನೆ ಎಂದು ಯಾರೂ ತಮಗೆ ತಾವೇ ಹೇಳಿಕೊಳ್ಳಲಾರರು. ಅದಕ್ಕೆ ಮಾನ ಬೇಕು, ಹೆಂಡತಿಯ ಶೀಲ ಬೇಕು, ಊರ ಮಾತು ಬೇಕು. ಸಣ್ಣ ಹೊಟ್ಟೆಕಿಚ್ಚಿಗೆ ದೊಡ್ಡ ಅಂಗಿ ತೊಡಿಸುವ ಕೆಲಸ ಅದು.

ಮೂಲ ಕಾರಣವನ್ನು ಷೇಕ್ಸ್‌ಪಿಯರ್ ಬೇಕೆಂದೇ ಸಣ್ಣದಾಗಿ ಇಟ್ಟಿದ್ದಾನೆ. ಅವನಿಗೆ ಕಥೆ ಸಿಕ್ಕಿದ್ದು ಚಿಂತಿಯೊ ಎಂಬ ಇಟಲಿಯ ಲೇಖಕ 1565ರಲ್ಲಿ ಪ್ರಕಟಿಸಿದ ಕಥಾಸಂಗ್ರಹದಲ್ಲಿ. ಅಲ್ಲಿ ಆ ಸೈನ್ಯಾಧಿಕಾರಿಗೆ ಹೆಸರೇ ಇಲ್ಲ, ಆದರೆ ಕಾರಣ ಖಚಿತವಾಗಿದೆ: ಅವನು ಡೆಸ್ಡಿಮೋನಾಳಿಗೆ ಮನಸೋತಿದ್ದ, ಅವಳು ತಿರುಗಿಯೂ ನೋಡಲಿಲ್ಲ, ಪ್ರೀತಿ ದ್ವೇಷವಾಯಿತು. ನಾಟಕಕ್ಕೆ ಸಿದ್ಧವಾಗಿ ಕೂತಿದ್ದ ಅಷ್ಟು ಗಟ್ಟಿ ಕಾರಣವನ್ನು ಷೇಕ್ಸ್‌ಪಿಯರ್ ಹಿಂದಕ್ಕೆ ತಳ್ಳಿ, ಕೈತಪ್ಪಿದ ಬಡ್ತಿಯನ್ನು ಮುಂದಿಟ್ಟ. ಖಳನಿಗೆ ಹೆಸರು ಕೊಟ್ಟ, ಇಡೀ ನಾಟಕದಲ್ಲಿ ಅತಿ ಹೆಚ್ಚು ಸಾಲುಗಳನ್ನೂ ಕೊಟ್ಟ. ಕಿತ್ತುಕೊಂಡದ್ದು ಘನವಾದ ಕಾರಣವೊಂದನ್ನೇ.

ನಾವು ಮಾಡುತ್ತ ಬಂದಿರುವುದು ಇದರ ತಿರುಗುಮುರುಗು. ಶಕುನಿಯನ್ನೇ ನೋಡಿ. ಅಪ್ಪ, ಅಣ್ಣ ತಮ್ಮಂದಿರನ್ನೆಲ್ಲ ಕೌರವರು ಸೆರೆಯಲ್ಲಿಟ್ಟು ಅನ್ನವಿಲ್ಲದೆ ಕೊಂದರು, ಅಪ್ಪನ ಮೂಳೆಯಿಂದಲೇ ಶಕುನಿ ದಾಳ ಮಾಡಿಕೊಂಡ ಎಂಬ ಕಥೆ ನಮ್ಮ ಹಳ್ಳಿಹಳ್ಳಿಗೂ ಗೊತ್ತು. ವ್ಯಾಸಭಾರತದಲ್ಲಿ ಅದಿಲ್ಲ. ಅಲ್ಲಿನ ಶಕುನಿ ಸೋದರಿಯ ಮಗನ ಪಕ್ಷ ಕಟ್ಟಿದ ಸೋದರಮಾವ, ಜೂಜಿನ ನಿಪುಣ. ಅಷ್ಟು ಸಾಲದೆಂದು ಜನ ಅವನಿಗೊಂದು ಸೆರೆಮನೆ ಕಟ್ಟಿದರು. ಮಂಥರೆಗೂ ಹೀಗೆಯೇ. ಬಾಲರಾಮ ಅವಳ ಗೂನಿಗೆ ಹೊಡೆದ ಮಣ್ಣಿನುಂಡೆಯ ಸಿಟ್ಟು ಕಂಬನ್ ರಾಮಾಯಣದಲ್ಲಿದೆ. ಅವಳ ಬುದ್ಧಿಯನ್ನು ದೇವತೆಗಳೇ ಕೆಡಿಸಿದರು ಎಂಬುದು ತುಳಸಿದಾಸರಲ್ಲಿದೆ. ಕುವೆಂಪು ಮಾತ್ರ ಬೇರೆ ದಾರಿ ಹಿಡಿದರು: ಅವಳಿಗೆ ಹಳೆಯ ಗಾಯ ಹುಡುಕಲಿಲ್ಲ, ಮಿತಿಮೀರಿದ ಮಮತೆಯನ್ನು ಕಂಡರು. ಇವತ್ತಿನ ಸಿನಿಮಾ ಆ ಗೋಜಿಗೆ ಹೋಗುವುದಿಲ್ಲ. ಇಂಟರ್‌ವಲ್ ಆದಮೇಲೆ ವಿಲನ್‌ಗೊಂದು ಫ್ಲ್ಯಾಶ್‌ಬ್ಯಾಕ್ ಇಟ್ಟರಾಯಿತು: ಸುಟ್ಟ ಗುಡಿಸಲು, ಅಳುವ ಹುಡುಗ.

ಇದನ್ನು ಕರುಣೆ ಎನ್ನುವವರಿದ್ದಾರೆ. ನನಗೆ ಇದು ತಪ್ಪಿಸಿಕೊಳ್ಳುವ ದಾರಿಯಾಗಿಯೇ ಕಾಣುತ್ತದೆ. ಖಳನಾಗಲು ಅಷ್ಟು ದೊಡ್ಡ ಅನ್ಯಾಯವಾಗಬೇಕು ಎಂದಾದರೆ, ಅಂಥದ್ದೇನೂ ಆಗದ ನಾವು ಪಾರಾದೆವಲ್ಲ! ಇಯಾಗೊ ಹಾಗೆ ಪಾರಾಗಲು ಬಿಡುವುದಿಲ್ಲ. ಅವನಿಗಾದದ್ದು ನಮಗೂ ಆಗಿದೆ, ಪಕ್ಕದ ಮೇಜಿನವರಿಗೂ ಆಗಿದೆ.

ಇಷ್ಟು ಸಣ್ಣ ಕಾರಣ ಅಷ್ಟು ದೊಡ್ಡ ದುರಂತವನ್ನು ಹೊರುತ್ತದೆಯೇ ಎಂದು ಕೇಳಬಹುದು. ಅದಕ್ಕೆ ಉತ್ತರ ಮೂರನೇ ಅಂಕದ ಮೂರನೇ ದೃಶ್ಯದಲ್ಲಿದೆ. ಡೆಸ್ಡಿಮೋನಾಳ ಹತ್ತಿರ ಮಾತಾಡುತ್ತಿದ್ದ ಕ್ಯಾಸಿಯೊ ಎದ್ದು ಹೋಗುವುದನ್ನು ಕಂಡು ಇಯಾಗೊ, ಇದ್ಯಾಕೋ ಸರಿಯಿಲ್ಲ ಎಂದು ಗೊಣಗುತ್ತಾನೆ. ಏನಂದೆ ಎಂದು ಒಥೆಲೊ ಕೇಳಿದರೆ, ಏನಿಲ್ಲ ಬಿಡಿ. ಮದುವೆಗೆ ಮುಂಚೆಯೇ ಕ್ಯಾಸಿಯೊಗೆ ನಿಮ್ಮ ಪ್ರೇಮದ ವಿಷಯ ಗೊತ್ತಿತ್ತೇ ಎಂದೊಂದು ಪ್ರಶ್ನೆ ಕೇಳಿ ಸುಮ್ಮನಾಗುತ್ತಾನೆ. ಬಾಯಿ ಬಿಡು ಎಂದು ಗೋಗರೆಯುವವನು ಒಥೆಲೊ. ತಾನು ಕಪ್ಪು, ವಯಸ್ಸಾದವನು, ವೆನಿಸ್‌ನ ನಯನಾಜೂಕು ಬಾರದವನು ಎಂಬ ಅಳುಕು ಮೊದಲೇ ಅವನೊಳಗಿತ್ತು. ಅದೇ ದೃಶ್ಯ ಮುಗಿಯುವಷ್ಟರಲ್ಲಿ ಕೊಲೆಯ ಶಪಥಕ್ಕೆ ಮಂಡಿಯೂರಿರುತ್ತಾನೆ. ಕೇಡಿನ ಗಾತ್ರ ಹೇಳಿದವನ ಕಾರಣದಿಂದ ಬಂದದ್ದಲ್ಲ, ಕೇಳಿದವನ ಅಳುಕಿನಿಂದ ಬಂದದ್ದು.

ಮೂಗರ್ಜಿಯ ವಿಷಯದಲ್ಲೂ ನಾನು ಕಂಡದ್ದು ಇದನ್ನೇ. ‘ಸಹಿ ಇಲ್ಲದ ಅರ್ಜಿ, ಕಡತಕ್ಕೆ ಸೇರಿಸಿ’ ಎಂದು ಸಾಹೇಬರು ನೇರವಾಗಿಯೇ ಷರಾ ಬರೆಯುತ್ತಿದ್ದರು. ಆದರೆ ಅದರಲ್ಲಿ ಹೆಸರಿದ್ದವನ ರಜೆ ಅರ್ಜಿ ಮುಂದಿನ ಸಲ ಮೇಜಿಗೆ ಬಂದಾಗ ಪೆನ್ನು ಒಂದು ಗಳಿಗೆ ತಡೆಯುತ್ತಿತ್ತು. ಬರೆದವನಿಗೆ ಬೇಕಾಗಿದ್ದುದು ಅಷ್ಟೇ.

ನಾಟಕದ ಕೊನೆಯಲ್ಲಿ ಡೆಸ್ಡಿಮೋನಾ, ಇಯಾಗೊನ ಹೆಂಡತಿ ಎಮಿಲಿಯಾ ಇಬ್ಬರೂ ಸತ್ತು ಬಿದ್ದಿರುವಾಗ, ಯಾಕೆ ಹೀಗೆ ಮಾಡಿದನೋ ಕೇಳಿ ಎಂದು ಒಥೆಲೊ ಅಂಗಲಾಚುತ್ತಾನೆ. ಇನ್ನು ಒಂದು ಮಾತೂ ಆಡುವುದಿಲ್ಲ ಎಂದು ಇಯಾಗೊ ಬಾಯಿ ಮುಚ್ಚುತ್ತಾನೆ. ಇದನ್ನು ಗಹನವಾದ ಮೌನವೆಂದು ಹೊಗಳುವುದುಂಟು. ಅಷ್ಟು ಹೆಣಗಳ ಮುಂದೆ ನಿಂತು ‘ನನಗೆ ಲೆಫ್ಟಿನೆಂಟ್ ಹುದ್ದೆ ಕೊಡಲಿಲ್ಲ’ ಎನ್ನಲು ನಾಲಿಗೆ ಏಳಲಿಲ್ಲ ಎಂದೇ ನಾನು ತಿಳಿದಿದ್ದೇನೆ. ಆದ್ದರಿಂದ ‘ಒಥೆಲೊ’ ಆಡಿಸುವ ನಿರ್ದೇಶಕರಲ್ಲಿ ನನ್ನದೊಂದು ಅರಿಕೆ: ಅವನ ಬಾಯಿಂದ ಬೇರೆ ಕಾರಣ ಹೊರಡಿಸಲು ಹೋಗಬೇಡಿ, ಬಾಲ್ಯದ ನೋವು ತೋರಿಸಬೇಡಿ, ಕೆಂಪು ಬೆಳಕು ಬಿಟ್ಟು ಸೈತಾನನನ್ನಾಗಿಯೂ ಮಾಡಬೇಡಿ. ಮುಂದಿನ ಸಾಲಿನಲ್ಲಿ ಕೂತವರಿಗೆ ಅವನು ತಮ್ಮ ಕಚೇರಿಯವನಂತೆ ಕಂಡರೆ ಸಾಕು. ತಮ್ಮಂತೆಯೇ ಕಂಡರೆ ಇನ್ನೂ ಒಳ್ಳೆಯದು.